ಟಿಕಳಿ ಹಚ್ಚಿದ ಕ್ಯಾಮೆರಾ

ಟೀವಿಯಲ್ಲಿ ಕ್ಯಾಮೆರಾವನ್ನು ನೋಡದಿದ್ದರೆ ಕೆಲಸ ಹೋಗುತ್ತದೆ. ಸಿನಿಮಾದಲ್ಲಿ ನೋಡಿದರೆ ಹೋಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ ಎಂದಲ್ಲ. ನನಗೆ ಗೊತ್ತಿತ್ತು, ನನ್ನ ಕಣ್ಣಿಗೆ ಗೊತ್ತಿರಲಿಲ್ಲ. ಹತ್ತಾರು ವರ್ಷ ಟೀವಿಯಲ್ಲಿ ನಿರೂಪಕನಾಗಿ ದುಡಿದು, ಐವತ್ತರ ಹತ್ತಿರ ಬಂದಮೇಲೆ ಸಿನಿಮಾಕ್ಕೆ ಹೋದವನ ಗ್ರಹಚಾರ ಅದು.

ಬೀದರ ಜಿಲ್ಲೆಯ ಠಾಣಾ ಕುಶನೂರಿನಲ್ಲಿ ನನ್ನ ಮೊದಲ ಸಿನಿಮಾದ ಶೂಟಿಂಗ್. ಬಹಳ ವರ್ಷದ ಮೇಲೆ ಊರಿಗೆ ಬರುವ ತಮ್ಮನ ಪಾತ್ರ ನನ್ನದು. ಹಳೆಯ ಮನೆಯೊಂದರ ಹೊಸ್ತಿಲ ಹೊರಗೆ ನಿಲ್ಲಬೇಕು. ಒಳಗಿನಿಂದ ಅಣ್ಣ, "ಯಾಕ ಬಂದಿ?" ಎನ್ನುತ್ತಾನೆ. ನಾನು ಏನೂ ಹೇಳದೆ ಹೊಸ್ತಿಲನ್ನೇ ನೋಡುತ್ತ ನಿಲ್ಲಬೇಕು. ಒಂದು ಮಾತಿಲ್ಲ, ಹನಿ ಕಣ್ಣೀರಿಲ್ಲ. ಕುರಿ ಕಾಯುವವನನ್ನು ತಂದು ನಿಲ್ಲಿಸಿದರೂ ಆಗಬಹುದಾದ ಕೆಲಸ. ಆದರೆ ಅಣ್ಣನ ಮಾತು ಕಿವಿಗೆ ಬಿದ್ದ ಕ್ಷಣ ನನ್ನ ಕಣ್ಣು ತಾನಾಗಿ ಎದ್ದು ಲೆನ್ಸಿನೊಳಗೆ ಹೋಗಿ ಕೂರುತ್ತಿತ್ತು. ಕಟ್. ಮತ್ತೆ ಅದೇ. ಮತ್ತೆ ಕಟ್.

ನಿರ್ದೇಶಕ ಬೆಂಗಳೂರಿನ ಹುಡುಗ, ನನ್ನ ಮಗನ ವಯಸ್ಸಿನವನು. ಮಧ್ಯಾಹ್ನದ ಹೊತ್ತಿಗೆ ಅವನ ಸಮಾಧಾನ ಮುಗಿದಿತ್ತು. "ಸರ್, ಪ್ರತಿ ಸಲ ಅಲ್ಲೇ ನೋಡ್ತೀರಲ್ಲ, ಅಲ್ಲಿ ಯಾರಿದಾರೆ ಸರ್?" ಎಂದು ಕೇಳಿದ. ಲೈಟು ಹಿಡಿದವರೂ ನಕ್ಕರು. ನಾನೂ ನಕ್ಕೆ. ಅಲ್ಲಿ ನಮ್ಮವ್ವ ಇದ್ದಾಳೆ ಎಂದು ನರೆತ ಮೀಸೆಯ ಗಂಡಸು ಅಷ್ಟು ಜನರ ಮುಂದೆ ಹೇಳುವುದು ಹೇಗೆ?

ನಿಜಕ್ಕೂ ಅಲ್ಲಿದ್ದವಳು ಅವ್ವನೇ. ಅವಳನ್ನು ಅಲ್ಲಿ ಕೂರಿಸಿದವನು ಬೀದರಿನ ನನ್ನ ಮೊದಲ ಕ್ಯಾಮೆರಾಮನ್. ಅಲ್ಲಿಯ ಮೈಲೂರು ಓಣಿಯಲ್ಲಿ ಅಂಗಡಿಯೊಂದರ ಮೇಲಿನ ಖೋಲಿಯಲ್ಲಿ ನಮ್ಮ ಕೇಬಲ್ ಚಾನೆಲ್ ಇತ್ತು. ಮದುವೆ ವಿಡಿಯೋ ತೆಗೆದು ಪಳಗಿದ್ದ ಆ ಚಾಚಾ, ಮೊದಲ ದಿನ ನಾನು ಬೆವತು ತೊದಲುವುದನ್ನು ನೋಡಿ ತಲೆ ಚಚ್ಚಿಕೊಂಡ. "ಮಿಷನ್ ಕು ನಕ್ಕೋ ದೇಖೋ ಮಿಯಾಂ, ಅಮ್ಮಾ ಕು ದೇಖೋ" ಎಂದ. ಯಂತ್ರವನ್ನು ನೋಡಬೇಡ, ಅಮ್ಮನನ್ನು ನೋಡು. ಕೆಳಗಿನ ಬಳೆ ಅಂಗಡಿಯಿಂದ ಒಂದು ಕೆಂಪು ಟಿಕಳಿ ತಂದು, ಹೆಂಗಸರ ಹಣೆಗೆ ಹಚ್ಚುವಷ್ಟೇ ಜತನದಿಂದ ಲೆನ್ಸಿನ ಮೇಲುಗಡೆ ಹಚ್ಚಿದ. ನಾನು ಆ ಟಿಕಳಿಯ ಕೆಳಗೆ ಅವ್ವನ ಮುಖ ಇಟ್ಟುಕೊಂಡು, ಕೈ ಮುಗಿದು, "ಶರಣು ಶರಣಾರ್ಥಿರಿ" ಎಂದೆ. ತೊದಲು ನಿಂತಿತು.

ಅವ್ವ ಭಾಲ್ಕಿಯಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಳು. ಅಲ್ಲಿಗೂ ಅದೇ ಕೇಬಲ್ಲು ಬರುತ್ತಿತ್ತು. ನಾನು ಟೀವಿಯಲ್ಲಿ ಶರಣಾರ್ಥಿ ಹೇಳಿದರೆ ಅವಳು ಸೆರಗನ್ನು ತಲೆಯ ಮೇಲೆಳೆದು, ಕೈ ಜೋಡಿಸಿ, "ಶರಣು ಶರಣಾರ್ಥಿ" ಎಂದು ಟೀವಿಗೆ ತಿರುಗಿ ಹೇಳುತ್ತಿದ್ದಳು. ನಮ್ಮ ಕಡೆ ಶರಣಾರ್ಥಿಗೆ ಶರಣಾರ್ಥಿ ಹೇಳದೆ ಬಿಡುವ ಪದ್ಧತಿಯಿಲ್ಲ, ಅದು ದೊಡ್ಡವರೇ ಹೇಳಲಿ, ಸಣ್ಣವರೇ ಹೇಳಲಿ. ಅತ್ತಿಗೆ ಇದನ್ನು ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆನಾದರೂ ಒಳಗೊಳಗೆ ಹಿಗ್ಗುತ್ತಿದ್ದೆ. ಮುಂದೆ ಬೆಂಗಳೂರಿನ ದೊಡ್ಡ ಚಾನೆಲ್ಲಿಗೆ ಹೋದಾಗಲೂ ಜೇಬಿನಲ್ಲಿ ಟಿಕಳಿಯ ಪಾಕೀಟು ಇರುತ್ತಿತ್ತು. ಇದ್ಯಾವ ಹುಚ್ಚು ಎಂದು ಅಲ್ಲಿಯವರು ಆಡಿಕೊಂಡರು. ಕಾರ್ಯಕ್ರಮ ಜನರಿಗೆ ಹಿಡಿಸಿದ್ದರಿಂದ ಹುಚ್ಚು ನಡೆದುಹೋಯಿತು.

ಈಗ ಟಿಕಳಿ ಇಲ್ಲದ ಕ್ಯಾಮೆರಾದಲ್ಲೂ ಕಣ್ಣು ಅವಳನ್ನೇ ಹುಡುಕುತ್ತಿತ್ತು. ಸಂಜೆ ನಿರ್ದೇಶಕ ನನ್ನನ್ನು ಬದಿಗೆ ಕರೆದ. "ಬೇಜಾರು ಮಾಡ್ಕೋಬೇಡಿ ಸರ್. ಬೆಳಿಗ್ಗೆ ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಈ ಪಾತ್ರ ಬೇರೆಯವರಿಗೆ ಕೊಡ್ತೀನಿ, ನೀವು ಅಂಗಡಿಯವನ ಪಾತ್ರ ಮಾಡಿ" ಎಂದ. ಅಂಗಡಿಯವನಿಗೆ ಇದ್ದದ್ದು ಎರಡೇ ಮಾತು. ಚಾನೆಲ್ಲಿನಲ್ಲಿ ನನ್ನ ಕುರ್ಚಿಯ ಮೇಲೆ ಆಗಲೇ ಚುರುಕಾದ ಹುಡುಗಿಯೊಬ್ಬಳು ಕೂತಿದ್ದಳು. ಅಲ್ಲಿಗೆ ತಿರುಗಿ ಹೋಗುವ ಹಾಗಿರಲಿಲ್ಲ. ಅತ್ತ ದರಿ ಇತ್ತ ಪುಲಿ.

ತಂಡದವರ ಜೊತೆ ಕೂತು ಚಾ ಕುಡಿಯುವ ಮುಖವಿಲ್ಲದೆ ಭಾಲ್ಕಿಯ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಮುದುಕ ನನ್ನನ್ನು ತಿರುತಿರುಗಿ ನೋಡಿದ.

"ನೀವು ಟೀವ್ಯಾಗ ಬರ್ತಿದ್ರಿ ಅಲ್ರಿ? ಈಗ ಯಾಕ ಬರವಲ್ರಿ?"

"ಸಿನಿಮಾ ಮಾಡ್ಲತ್ತೀನ್ರಿ."

"ಹೌದೇನ್ರಿ! ಹೀರೋ ಏನ್ರಿ?"

"ಅಣ್ಣ ತಮ್ಮರ ಕಥಿ ಅದರಿ" ಎಂದು ಹೇಳಿ ಕಿಟಕಿಯ ಹೊರಗಿನ ತೊಗರಿಯನ್ನು ನೋಡುತ್ತ ಕೂತೆ. ನಾಳೆಯಿಂದ ಈ ಪ್ರಶ್ನೆಗೆ ಏನು ಹೇಳಲಿ ಎಂಬುದೇ ಚಿಂತೆ.

ಮನೆಗೆ ಹೋದಾಗ ಅವ್ವ ಮೊರದಲ್ಲಿ ಬೇಳೆ ಹಸನು ಮಾಡುತ್ತ ಟೀವಿಯ ಮುಂದಿದ್ದಳು. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ನನ್ನ ಹಳೆಯ ಕಾರ್ಯಕ್ರಮ ಶುರುವಾಗುವುದಕ್ಕೂ ಸರಿಹೋಯಿತು. ಆ ಹೊಸ ಹುಡುಗಿ ನಗುತ್ತ ಕೈ ಮುಗಿದಳು. ಅವ್ವ ಮೊರ ಕೆಳಗಿಟ್ಟು, ಸೆರಗೆಳೆದುಕೊಂಡು, "ಶರಣು ಶರಣಾರ್ಥಿ" ಎಂದು ಅವಳಿಗೂ ಹೇಳಿ, ಮತ್ತೆ ಮೊರ ಎತ್ತಿಕೊಂಡಳು. ಅದೇ ಕೈ, ಅದೇ ಸೆರಗು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಕೀಗಿ ಯಾಕ ಕೈ ಮುಗಿತಿ ಅವ್ವ?" ಎಂದೆ.

ಅವಳು ಬೆಚ್ಚಿ ತಿರುಗಿದಳು. "ಹೇಳಿಲ್ಲ ಕೇಳಿಲ್ಲ, ಯಾವಾಗ ಬಂದಿ? ಉಂಡಿ ಏನು?"

"ಅದು ಇರ್ಲಿ. ಅಕೀಗಿ ಯಾಕ ಮುಗದಿ?"

"ಪಾಪ, ಅಕಿ ಮುಗದಳಲ್ಲ. ಯಾರರೆ ಇರ್ಲಿ, ಮುಗದವ್ರಿಗಿ ತಿರುಗಿ ಮುಗೀಬೇಕು."

"ಹಂಗಾರ ನನಗೂ ಹಂಗೇ ಮುಗೀತಿದ್ದಿ?"

"ಮತ್ತ ನಿನಗ ಏನ್ ಆರತಿ ಮಾಡ್ಲಿ?" ಎಂದು ನಕ್ಕು, ರೊಟ್ಟಿ ಬಡಿಯಲು ಎದ್ದಳು.

ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟರೆ ಒಂದೇ ರೊಟ್ಟಿಗೆ ಕೈ ತೊಳೆದೆ. ಇಷ್ಟು ವರ್ಷ ನಾನೊಬ್ಬನೇ ಅವಳಿಗೆ ಕಾಣುತ್ತಿದ್ದೇನೆ ಎಂದುಕೊಂಡಿದ್ದೆ. ಟೀವಿಯಲ್ಲಿ ಬಂದವರಿಗೆಲ್ಲ ಅವಳ ಕೈ ಏಳುತ್ತಿತ್ತು ಎಂದಾದರೆ ನಾನು ನೋಡುತ್ತಿದ್ದುದು ಯಾರನ್ನು? ಎಳೆ ಮಗುವಿನ ಹೊಟ್ಟೆಕಿಚ್ಚು ಅದು. ಗೊತ್ತಿದ್ದೂ ಹೊಟ್ಟೆ ಉರಿಯಿತು. ಶೂಟಿಂಗಿನ ಸಂಕಟವನ್ನು ಅವಳಿಗೆ ಹೇಳಲೇ ಇಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಕುಶನೂರಿಗೆ ಬಂದೆ. ಹೊಸ್ತಿಲ ಮುಂದೆ ನಿಂತೆ. ನನ್ನ ಪಾತ್ರಕ್ಕೆ ಕಾದಿದ್ದ ಬೀದರಿನ ನಾಟಕದ ಕಲಾವಿದರೊಬ್ಬರು ಕಟ್ಟೆಯ ಮೇಲೆ ಕೂತು ಬೇರೆ ಕಡೆ ನೋಡುತ್ತಿದ್ದರು. ಒಳಗಿನಿಂದ, "ಯಾಕ ಬಂದಿ?" ಎಂದು ಕೇಳಿಸಿತು. ಕಣ್ಣು ಏಳಲು ಹವಣಿಸಿತು. ಅಲ್ಲಿ ಯಾರೂ ಇಲ್ಲ, ಇದ್ದರೂ ನಿನ್ನೊಬ್ಬನಿಗಾಗಿ ಇಲ್ಲ ಎಂದು ಅದಕ್ಕೆ ಹೇಳಿದೆ. ಕಣ್ಣು ಹೊಸ್ತಿಲ ಮೇಲೆಯೇ ಬಿತ್ತು. ಅಷ್ಟು ಒಂಟಿಯಾಗಿ ನಾನು ಯಾವ ಕ್ಯಾಮೆರಾದ ಮುಂದೆಯೂ ನಿಂತಿರಲಿಲ್ಲ. ನಿರ್ದೇಶಕ ಕಟ್ ಎನ್ನುವುದನ್ನೇ ಮರೆತ. ಆಮೇಲೆ ಬಂದು ನನ್ನ ಕೈ ಹಿಡಿದುಕೊಂಡ.

ಪಾತ್ರ ಉಳಿಯಿತು. ಆದರೆ ಜೀವಕ್ಕೆ ನೆಮ್ಮದಿ ಸಿಗಲಿಲ್ಲ. ಎಡಿಟಿಂಗಿನಲ್ಲಿ ಕತ್ತರಿಸಿಯಾರೋ, ಸಿನಿಮಾ ಬಿಡುಗಡೆಯೇ ಆಗದೋ ಎಂದು ತಿಂಗಳುಗಟ್ಟಲೆ ಒದ್ದಾಡಿದೆ. ಕೊನೆಗೆ ಸಿನಿಮಾ ಬೀದರಿನ ಥಿಯೇಟರಿಗೆ ಬಂದಾಗ ಭಾಲ್ಕಿಯಿಂದ ಅವ್ವನನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡೆ.

ಪರದೆಯ ಮೇಲೆ ನಾನು ಬಸ್ಸಿಳಿದೆ. ಅವ್ವ ಕತ್ತಲಲ್ಲೇ ಸೆರಗೆಳೆದುಕೊಂಡು, ಮೊದಲೇ ಕೈ ಜೋಡಿಸಿ ಸಿದ್ಧಳಾದಳು. ಪರದೆಯ ಮೇಲಿನವನು ಊರಲ್ಲಿ ನಡೆದ, ಬಾವಿಕಟ್ಟೆಯ ಮೇಲೆ ಕೂತ, ಕೊನೆಗೆ ಹೊಸ್ತಿಲ ಮುಂದೆ ಬಂದು ನಿಂತ. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ನನಗೆ ಪರದೆ ನೋಡುವ ಧೈರ್ಯ ಸಾಲದೆ ಅವ್ವನ ಕಡೆ ತಿರುಗಿದೆ. ಅವಳ ಕೈಗಳು ಎದೆಯ ಮುಂದೆ ಹಾಗೆಯೇ ಇದ್ದವು. ಟೀವಿಯ ಆ ಹುಡುಗಿಗೆ ಮುಗಿದ ಕೈ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೊರಕ್ಕೆ ಮರಳಿತ್ತು. ಇವು ಇಳಿಯಲೇ ಇಲ್ಲ.

"ಅವ್ವ, ಕೈ ಇಳಸು. ನೋಯ್ತಾವ" ಎಂದು ಪಿಸುಗುಟ್ಟಿದೆ.

"ತಡಿ" ಎಂದಳು, ಪರದೆಯಿಂದ ಕಣ್ಣು ತೆಗೆಯದೆ. "ಅವ ಇನ್ನಾ ಈ ಕಡಿ ನೋಡಿಲ್ಲ."

ಅವನು ನೋಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಸಿನಿಮಾ ಮುಗಿಯಲು ಇನ್ನೂ ಬಹಳ ಹೊತ್ತಿತ್ತು.