ಮೊಟ್ಟೆ ಗೋದಾಮಿನ ಕೈಗಳು

ನನ್ನ ನಾದಿನಿ ಪ್ರೇಮಕಥೆ ಬರೆಯುತ್ತಾಳೆ. ಎರಡು ಕಾದಂಬರಿ ವಾರಪತ್ರಿಕೆಯಲ್ಲಿ ಬಂದು ಮುಗಿದಿವೆ, ಈಗ ಮೂರನೆಯದು ಬರುತ್ತಿದೆ. ಹೊಟ್ಟೆಪಾಡಿನ ಕೆಲಸ ಮಾತ್ರ ಮೊಟ್ಟೆ ಗೋದಾಮಿನಲ್ಲಿ. ಸಗಟು ಮಾರುಕಟ್ಟೆಯ ಹಿಂದೆ, ಕಿಟಕಿಯಿಲ್ಲದ, ಗೋಡೆಗೆಲ್ಲ ಕಪ್ಪು ಬಳಿದ ಕೋಣೆ ಅದು. ಒಬ್ಬೊಬ್ಬರ ಮುಂದೆ ಒಂದು ತಗಡಿನ ಡಬ್ಬ, ಅದರೊಳಗೆ ಬಲ್ಬು, ಡಬ್ಬಕ್ಕೆ ಒಂದು ತೂತು. ಮೊಟ್ಟೆಯನ್ನು ತೂತಿಗೆ ಹಿಡಿದು ತಿರುಗಿಸಿದರೆ ಬಿರುಕು, ರಕ್ತದ ಚುಕ್ಕೆ, ಹಳತಾಗಿದ್ದರೆ ದೊಡ್ಡದಾದ ಗಾಳಿಗುಳ್ಳೆ, ಎಲ್ಲ ಕಾಣುತ್ತದೆ. ಹೊರಗಿನಿಂದ ಎಲ್ಲ ಮೊಟ್ಟೆಯೂ ಸಾಚಾ. ಒಂದನ್ನೂ ನಂಬದಿರುವುದೇ ಅಲ್ಲಿನ ಕೆಲಸ. ಕಣ್ಣಿಗೆ ಪೊರೆ ಬರುವವರೆಗೆ ನಾನೂ ಅವಳ ಪಕ್ಕದಲ್ಲೇ ಕೂತು ಆ ಕೆಲಸ ಮಾಡಿದವಳು. ಈಗ ಪೊರೆ ತೆಗೆಸಿದ್ದೇನೆ, ಆದರೆ ಮನೆಯಲ್ಲೇ ಇದ್ದೇನೆ.

ಮೊದಲಿನ ಎರಡು ಕಾದಂಬರಿಗಳಲ್ಲಿ ಕಡಲತೀರ, ಬೆಟ್ಟದ ಮೇಲಿನ ಬಂಗಲೆ ಇದ್ದವು. ಅವಳು ಎರಡನ್ನೂ ಕಂಡವಳಲ್ಲ, ಹಾಗಾಗಿ ನನಗೂ ಚಿಂತೆಯಿರಲಿಲ್ಲ. ಮೂರನೆಯದು ನಡೆಯುವುದು ಈ ಗೋದಾಮಿನಲ್ಲೇ. ಆ ಕತ್ತಲಲ್ಲಿ ಮುಖ ಕಾಣುವುದಿಲ್ಲ, ಬೆಳಕು ಬೀಳುವುದು ಕೈ ಮೇಲೆ ಮಾತ್ರ. ಹಾಗಾಗಿ ಅವಳ ನಾಯಕಿ ಪಕ್ಕದ ದೀಪದವನ ಎರಡು ಕೈಗಳನ್ನು ಪ್ರೀತಿಸುತ್ತಾಳೆ. ಮೊಟ್ಟೆ ತಿರುಗಿಸುವಾಗ ಅವನ ಕಿರುಬೆರಳು ಮೇಲೆದ್ದಿರುತ್ತದೆ. ಅನುಮಾನ ಬಂದ ಮೊಟ್ಟೆಯನ್ನು ಇನ್ನೊಂದಕ್ಕೆ ಮೆಲ್ಲಗೆ ತಾಗಿಸಿ ಕಿವಿಗೊಡುತ್ತಾನೆ. ಟ್ರೇ ಖಾಲಿಯಾದರೆ ಬಾಯಿಬಿಟ್ಟು ಕೇಳುವುದಿಲ್ಲ, ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಾನೆ.

ಇಷ್ಟನ್ನು ಕಣ್ಣಾರೆ ಕಾಣದೆ ಯಾರೂ ಬರೆಯಲಾರರು. ನನ್ನ ಜಾಗಕ್ಕೆ ಒಬ್ಬ ಗಂಡಸು ಬಂದಿದ್ದಾನೆಂದು ಅವಳೇ ಹೇಳಿದ್ದಳು. ಗಡಿಯಾರ ರಿಪೇರಿ ಅಂಗಡಿ ಮುಚ್ಚಿ ಬಂದವನು, ಎಲ್ಲರ ಬಾಯಲ್ಲೂ ಅವನ ಹೆಸರು ಗಡಿಯಾರ.

“ಯಾರೇ ಅವನು?” ಎಂದೆ, ಪತ್ರಿಕೆ ಮುಂದಿಟ್ಟು.

“ಯಾರು?”

“ಈ ಕಿರುಬೆರಳಿನವನು.”

“ಕಥೆ ಅತ್ತಿಗೆ ಅದು. ಕಥೇಲಿರೋರಿಗೆಲ್ಲ ಮನೆ ವಿಳಾಸ ಇರುತ್ತಾ?”

“ಆ ಗಡಿಯಾರ ತಾನೇ?”

“ನೀವು ಪೊಲೀಸ್ ಕೆಲಸಕ್ಕೆ ಸೇರ್ಬೇಕಿತ್ತು,” ಎಂದು ನಗುತ್ತಾ ಊಟದ ಡಬ್ಬಿ ತೆಗೆದುಕೊಂಡು ಹೊರಟಳು. ಆ ನಗು ನನಗೆ ಹಿಡಿಸಲಿಲ್ಲ.

ಹಿಂದೊಮ್ಮೆ ಅವಳಿಗೆ ಮದುವೆ ನಿಶ್ಚಯವಾಗಿತ್ತು. ಇನ್ನೇನು ವಾರವಿದೆ ಎನ್ನುವಾಗ ಆ ಮಹಾರಾಯ ಬೇರೊಬ್ಬಳನ್ನು ಕಟ್ಟಿಕೊಂಡ. ಅನ್ನ ನೀರು ಬಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದವಳನ್ನು ಎಬ್ಬಿಸಿ ಕೂರಿಸಿದ್ದು ನಾನು. ಅವಳ ಅಣ್ಣ ತೀರಿಕೊಂಡ ಮೇಲಂತೂ ನನಗೆ ಅವಳು, ಅವಳಿಗೆ ನಾನು. ಇನ್ನೊಂದು ಸಲ ಅವಳನ್ನು ಹಾಗೆ ನೋಡುವ ಶಕ್ತಿ ನನಗಿಲ್ಲ.

ಮರುದಿನ ಅವಳ ಛತ್ರಿ ಹಿಡಿದು ಗೋದಾಮಿಗೆ ಹೋದೆ. ಅವಳು ಅದನ್ನು ಮರೆತಿರಲಿಲ್ಲ, ಹೊರಡುವಾಗ ನಾನೇ ಬಚ್ಚಿಟ್ಟಿದ್ದೆ.

ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಗಡಿಯಾರದವನ ಪಕ್ಕ ನಿಂತು ಕೈ ನೋಡಿದೆ. ಬೆರಳೆಲ್ಲ ಒಂದಕ್ಕೊಂದು ಅಂಟಿಕೊಂಡಂತಿದ್ದವು. ಹೆಬ್ಬೆರಳ ಉಗುರು ಉದ್ದ ಬಿಟ್ಟಿದ್ದ, ಗಡಿಯಾರದ ಹಿಂಬದಿ ಮುಚ್ಚಳ ಎಬ್ಬಿಸಲು ಇಟ್ಟುಕೊಂಡಿದ್ದ ಉಗುರಿರಬೇಕು. ಅದನ್ನು ಮೊಟ್ಟೆಯ ಅಡಿಗೆ ಕೊಟ್ಟು ಮೆಲ್ಲಗೆ ಎತ್ತುತ್ತಿದ್ದ. ಕಿರುಬೆರಳು ಏಳಲೇ ಇಲ್ಲ. ಇವನಲ್ಲ. ಹಾಗಾದರೆ ಯಾರು?

“ಕೂತ್ಕೊಳ್ಳಿ ಅಮ್ಮ, ಇದು ನಿಮ್ಮ ಜಾಗ ಅಂತೆ,” ಎಂದು ಅವನು ಎದ್ದ.

ಅಲ್ಲಿಂದ ಇಡೀ ಸಾಲಿನ ಕೈಗಳು ಕಾಣುತ್ತವೆ, ಕೂತೆ. ಕೈ ಸುಮ್ಮನಿರಬೇಕಲ್ಲ, ಕಣ್ಣು ಸಾಲಿನ ಮೇಲಿದ್ದರೂ ತಾನಾಗಿ ಮೊಟ್ಟೆ ಎತ್ತಿಕೊಂಡಿತು. ಒಂದರ ಮೇಲೆ ಅನುಮಾನ ಬಂತು, ಇನ್ನೊಂದಕ್ಕೆ ತಾಗಿಸಿ ಕೇಳಿದೆ. ಒಡಕು ಸದ್ದು. ಆಚೆ ಇಟ್ಟೆ. ಟ್ರೇ ಖಾಲಿಯಾಯಿತು, ಮೇಜು ಕುಟ್ಟಿದೆ.

ಸಾಲಿನ ಕೈಗಳೆಲ್ಲ ನಿಂತವು.

“ಅಯ್ಯೋ, ನೋಡ್ರೇ ಇಲ್ಲಿ!” ಎಂದಳು ವಾರವಾರ ಕಂತು ಓದುವ ಪ್ಯಾಕಿಂಗಿನವಳು. “ಹೀರೋ ಬಂದ್ಬಿಟ್ಟ!”

“ಹೀರೋಗೆ ಮೊಣಕಾಲು ನೋವಿರ್ಬೇಕು, ಒಳ್ಳೆ ಕುರ್ಚಿ ಕೊಡ್ರೇ!” ಎಂದಳು ಇನ್ನೊಬ್ಬಳು.

ಕತ್ತಲೆಲ್ಲ ನಗು. ದೀಪದ ಮುಂದಿದ್ದ ನನ್ನ ಕೈ ನೋಡಿದೆ. ಕಿರುಬೆರಳು ಸೆಟೆದು ನಿಂತಿತ್ತು. ಮಡಚಿದೆ. ಮುಂದಿನ ಮೊಟ್ಟೆ ಎತ್ತಿದೆ. ಮತ್ತೆ ನಿಂತಿತು.

“ನನ್ನ ಕೈ ಯಾಕೇ ಬೇಕಿತ್ತು ನಿನಗೆ?” ಎಂದೆ ಪಕ್ಕದ ದೀಪದ ಮುಂದಿದ್ದ ನಾದಿನಿಗೆ.

“ಇನ್ಯಾರ ಕೈ ತರ್ಲಿ ಅತ್ತಿಗೆ? ಅಷ್ಟು ಹತ್ತಿರದಿಂದ ಕಂಡಿರೋದು ನಿಮ್ಮ ಕೈ ಒಂದೇ. ಬೇರೆಯವರದ್ದು ನೋಡೋಕೆ ನೀವೆಲ್ಲಿ ಬಿಟ್ರಿ?”

ನಗುತ್ತಲೇ ಹೇಳಿದಳು. ಈ ಸಲ ಬೇರೆ ಯಾರೂ ನಗಲಿಲ್ಲ. ಆ ಮಾತನ್ನು ನಾನು ಎಷ್ಟು ತಿರುಗಿಸಿ ನೋಡಿದರೂ ಸುಳ್ಳು ಕಾಣಲಿಲ್ಲ. ಎದ್ದೆ.

“ಬಾಪ್ಪಾ, ನಿನ್ನ ಜಾಗದಲ್ಲಿ ನೀನೇ ಕೂತ್ಕೋ,” ಎಂದೆ ಗಡಿಯಾರದವನಿಗೆ. ಛತ್ರಿಯನ್ನು ಮಾತ್ರ ಅಲ್ಲೇ ಮರೆತು ಬಂದೆ, ಈ ಸಲ ನಿಜವಾಗಿ.

ಮುಂದಿನ ಕಂತುಗಳಲ್ಲಿ ನಾಯಕನ ಕಿರುಬೆರಳು ಇಳಿಯುತ್ತಾ ಬಂತು. ಈ ವಾರದ್ದರಲ್ಲಿ ಅವನು ಹೆಬ್ಬೆರಳ ಉದ್ದ ಉಗುರಿನಿಂದ ಮೊಟ್ಟೆ ಎತ್ತುತ್ತಾನೆ. ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದೆ. ನಾದಿನಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನನ್ನನ್ನೇ ನೋಡುತ್ತಿದ್ದಳು.

“ಛತ್ರಿ ಬಚ್ಚಿಡ್ತೀರಾ ಅತ್ತಿಗೆ?”

“ಇಲ್ಲ. ಭಾನುವಾರ ಅವನನ್ನ ಮನೆಗೆ ಕರಿ. ಹಗಲು ಹೊತ್ತಲ್ಲಿ, ಬೆಳಕಲ್ಲಿ ಕೂರಿಸಿ ನೋಡ್ಬೇಕು.”

“ಕೈನಾ?”

“ಮುಖಾನೇ.”