ಐದೂ ಅಂಗಾತ ಬಿದ್ದ ದಿನ

ಮೊನ್ನೆ ನಮ್ಮ ಕುಶಾಲನಗರದ ಮನೆಯಲ್ಲಿ, ಊಟದ ಮೇಜಿನ ಮೇಲೆ ದಾಳ ಉರುಳಿದ ಸದ್ದಾಯಿತು. ಅಡುಗೆಮನೆಯಲ್ಲಿದ್ದ ನಾನು ಕೈಯಲ್ಲಿದ್ದ ಸೌಟಿನ ಸಮೇತ ಹೊರಗೆ ಬಂದೆ. ರಜಕ್ಕೆ ಬಂದ ಮೊಮ್ಮಗಳು ತನ್ನ ಮೂವರು ಗೆಳತಿಯರ ಜೊತೆ ಕೂತಿದ್ದಳು. ಮಧ್ಯದಲ್ಲಿ ಕಾಡು, ಕೋಟೆ ಬರೆದ ಹಾಳೆ, ಅದರ ಮೇಲೆ ಇಪ್ಪತ್ತು ಮುಖದ ನೀಲಿ ದಾಳ. ಆಟದಲ್ಲಿ ಒಬ್ಬೊಬ್ಬರಿಗೂ ಒಂದೊಂದು ವೇಷವಂತೆ. ಒಬ್ಬಳು ಕತ್ತಿ ಹಿಡಿದವಳು, ಒಬ್ಬಳು ಕಳ್ಳಿ. ನಮ್ಮ ಹುಡುಗಿಗೆ ಮಾತ್ರ ಎದುರಿನವರ ಮನಸ್ಸಿನೊಳಗೆ ಹೊಕ್ಕು ಓದುವ ಶಕ್ತಿ. ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಅರವತ್ತು ವರ್ಷಕ್ಕೂ ಮೇಲೆ ನಾನು ಒಳಗೊಳಗೇ ಬೈದುಕೊಂಡು ಬಂದ ಒಬ್ಬ ಮನುಷ್ಯನ ನೆನಪಾಯಿತು...

ಅವನು ಚೆಟ್ಟಳ್ಳಿ ಕಡೆಯ ಒಂದು ಕಾಫಿ ಎಸ್ಟೇಟಿನ ರೈಟರ್, ಆಳುಗಳ ಹಾಜರಿ ಬರೆಯುವವನು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷವಾಗಿದ್ದ ಕಾಲ ಅದು. ಹಾಸನದ ಕಡೆಯಿಂದ ಬಂದಿದ್ದ ನಮ್ಮಪ್ಪ ಅದೇ ಎಸ್ಟೇಟಿನಲ್ಲಿ ಆಳುಗಳ ಮೇಸ್ತ್ರಿ. ನಮ್ಮ ಮನೆ ಲೈನುಗಳ, ಅಂದರೆ ಆಳುಗಳ ಸಾಲುಮನೆಗಳ, ಪಕ್ಕದಲ್ಲೇ ಇತ್ತು. ರೈಟರನನ್ನು ನಾವು ಮಕ್ಕಳು ರೈಟರ್ ಮಾಮ ಎನ್ನುತ್ತಿದ್ದೆವು, ಎದುರಿಗೆ ಬಂದರೆ ಎದ್ದು ನಿಲ್ಲುತ್ತಿದ್ದೆವು. ಈಗ ಅವನು, ಇವನು ಎಂದೇ ಬರೆಯುತ್ತೇನೆ. ಅಪ್ಪನನ್ನು ಏಕವಚನದಲ್ಲಿ ಕರೆಯುವುದು ಸಲುಗೆಯಿಂದ, ಇವನನ್ನು ಕರೆಯುವುದು ಸಿಟ್ಟಿನಿಂದ.

ಒಂಟಿ ಮನುಷ್ಯ. ವಾರಕ್ಕೆರಡು ಸಲವಾದರೂ ನಮ್ಮ ಮನೆಯಲ್ಲೇ ಅವನ ಊಟ. ಅವ್ವ ಮಾಡಿದ ಬಸ್ಸಾರನ್ನು ಬಾಯಿತುಂಬ ಹೊಗಳಿ ಎರಡನೇ ಮುದ್ದೆ ಹಾಕಿಸಿಕೊಳ್ಳುತ್ತಿದ್ದ. ಉಂಡ ಮನೆಯ ಜಂತೆ ಎಣಿಸುವುದು ಎಂಬ ಮಾತು ಆಗ ನನಗೆ ಗೊತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಗೋದಾಮಿನ ಜಗಲಿಯ ಮೇಲೆ ಅವನ ಆಟ. ಮೈಸೂರಿನ ಹಾಸ್ಟೆಲಿನಲ್ಲಿ ಓದುವಾಗ ತಾನೇ ಕಟ್ಟಿದ್ದು ಎಂದು ಹೇಳಿಕೊಳ್ಳುತ್ತಿದ್ದ. ಇರಬಹುದು, ತಲೆಗೇನೂ ಕಡಿಮೆಯಿರಲಿಲ್ಲ. ತೋಟದ ಹಳೆಯ ನಕ್ಷೆಯ ಹಿಂಬದಿಯಲ್ಲಿ ಕೆಂಪು ನೀಲಿ ಪೆನ್ಸಿಲಿನಿಂದ ಒಂದು ದೇಶವನ್ನೇ ಬರೆದಿದ್ದ. ನಾವು ನಾಲ್ಕು ಮಕ್ಕಳು ಆ ದೇಶದೊಳಗೆ ಹೋಗುವವರು. ಡ್ರೈವರನ ಮಗ ಬೇಟೆಗಾರ, ಅವನ ತಂಗಿ ಕುದುರೆ ಸವಾರಳು, ಟಪಾಲಿನವನ ಮಗಳು ಔಷಧಿ ಬಲ್ಲವಳು. ಎದುರಾಗುವ ರಾಜರು, ದರೋಡೆಕೋರರು, ಮಾಟಗಾರರು, ಎಲ್ಲರ ಮಾತನ್ನೂ ಅವನೊಬ್ಬನೇ ಆಡುತ್ತಿದ್ದ. ನನ್ನನ್ನು ಬಹಳ ಹೊತ್ತು ನೋಡಿ, "ನಿನಗೆ ಒಳಗಣ್ಣು" ಅಂದ. ಅಂದರೆ ಎದುರಿನವರ ಮನಸ್ಸಿನಲ್ಲಿ ಇರುವುದನ್ನು ತಿಳಿಯುವ ಶಕ್ತಿ. ಹನ್ನೆರಡು ವರ್ಷದ, ಶಾಲೆಯಲ್ಲಿ ಕೊನೆಯ ಬೆಂಚಿನ ಹುಡುಗಿ ನಾನು. ಅಂಥದ್ದೊಂದು ನನ್ನಲ್ಲಿದೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಆ ಭಾನುವಾರಗಳಷ್ಟು ಸುಖ ಆಮೇಲೆ ನನಗೆ ಸಿಕ್ಕಿದ್ದು ಕಡಿಮೆ.

ಆ ಶಕ್ತಿಗೊಂದು ನಿಯಮವಿತ್ತು. ಶಕ್ತಿಯಿದ್ದವರು ಪ್ರಶ್ನೆ ಕೇಳಿ ಐದು ಕವಡೆ ಬಿಡಬೇಕು. ಐದೂ ಅಂಗಾತ ಬಿದ್ದರೆ ಎದುರಿನವರು ಮನಸ್ಸಿನಲ್ಲಿದ್ದದ್ದನ್ನು ಹೇಳಲೇಬೇಕು. ಕವಡೆಗಳು ನಮ್ಮ ಮನೆಯವು. ಊರಿನಲ್ಲಿ ನಮ್ಮಜ್ಜಿ ಅವುಗಳಿಂದ ಕಣಿ ಹೇಳುತ್ತಿದ್ದಳು. ದನ ಕಳೆದವರು, ಮಗಳಿಗೆ ಗಂಡು ಹುಡುಕುವವರು ಬಂದು ಅವಳ ಮುಂದೆ ಕೂರುತ್ತಿದ್ದರು. ಕವಡೆ ಉರುಳಿದ ಮೇಲೆ ಸುಳ್ಳಾಡಿದರೆ ಮನೆ ಹಾಳಾಗುತ್ತದೆ ಎಂದು ಅಜ್ಜಿ ನಮಗೆಲ್ಲ ಹೇಳಿಟ್ಟಿದ್ದಳು. ಇದನ್ನು ನಾನು ಅವನಿಗೆ ದೊಡ್ಡದಾಗಿ ವಿವರಿಸಿದ್ದೆ. ಅವನು ಗಮನವಿಟ್ಟು ಕೇಳಿ, "ಹಾಗಾದ್ರೆ ಅವನ್ನೇ ತಗೊಂಡು ಬಾ" ಅಂದಿದ್ದ.

ಆ ವರ್ಷ ಕಾಫಿ ಹಣ್ಣಿನ ಪಿಕಿಂಗ್ ಶುರುವಾದಾಗ ಲೈನಿನ ಹೆಂಗಸರ ನಡುವೆ ಒಂದು ಮಾತು ಓಡಾಡಿತು. ಹಣ್ಣು ಕೊಯ್ಯುವಾಗ ಕೂಸುಗಳನ್ನು ಮರಕ್ಕೆ ಸೀರೆ ಕಟ್ಟಿ ಮಲಗಿಸುತ್ತಿದ್ದರು. ಕೆಂಪಿರುವೆ ಮುತ್ತಿ ಒಂದು ಕೂಸಿನ ಕಣ್ಣು ಊದಿಹೋಗಿತ್ತು. ಅದರ ತಾಯಿ ಕೊನೆಯ ಲೈನಿನವಳು, ನಾನು ಅಕ್ಕ ಎಂದು ಕರೆಯುತ್ತಿದ್ದವಳು. ಕೂಸುಗಳಿಗೊಂದು ಶೆಡ್ಡು, ನೋಡಿಕೊಳ್ಳಲು ಒಬ್ಬ ಆಯಾ ಕೊಡುವವರೆಗೆ ಸೋಮವಾರದಿಂದ ಯಾರೂ ಬುಟ್ಟಿ ಎತ್ತುವುದಿಲ್ಲ ಎಂದು ಅವಳೇ ಹೆಂಗಸರನ್ನು ಒಟ್ಟುಮಾಡಿದಳು. ಸಂಜೆ ಅವರು ಮಾತಾಡಿದ್ದು ನಮ್ಮ ಅಡುಗೆಮನೆಯಲ್ಲಿ. ದೊರೆಗಳ ಬಂಗಲೆಗೆ ಸುದ್ದಿ ಮುಟ್ಟಿಸಬೇಕಾದ ಮೇಸ್ತ್ರಿ, ನಮ್ಮಪ್ಪ, ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದ. "ನಂಗೇನೂ ಕೇಳ್ಸಿಲ್ಲ ಕಣವ್ವ" ಎಂದಷ್ಟೇ ಅವಳಿಗೆ ಹೇಳಿದ. ನನಗೆ ಬಾಯಿಬಿಡಬೇಡ ಎಂದು ಯಾರೂ ಹೇಳಲಿಲ್ಲ. ಹೇಳಬೇಕು ಎಂದು ಯಾರಿಗೂ ಹೊಳೆದಿರಲಿಕ್ಕಿಲ್ಲ.

ಮರುದಿನ ಭಾನುವಾರ. ಆಟದಲ್ಲಿ ಕಪ್ಪು ಕಂಬಳಿಯ ಮುದುಕನೊಬ್ಬ ದಾರಿಗೆ ಅಡ್ಡ ಬಂದ. ಅವನಿಗೂ ಒಳಗಣ್ಣಂತೆ. ಮೊದಲು ಬೇಟೆಗಾರನನ್ನು ಕೇಳಿದ, ಯಾವ ಕಣಿವೆಯಿಂದ ಕೋಟೆಗೆ ಬರುತ್ತೀರಿ ಎಂದು. ಆಮೇಲೆ ನನ್ನ ಕಡೆ ತಿರುಗಿದ. "ನಿನ್ನ ಮನೆಗೆ ನಿನ್ನೆ ಬಂದೋರು ಯಾರು? ಏನು ಮಾತಾಡಿದ್ರು?" ಇದು ಆಟದ ಪ್ರಶ್ನೆಯೋ ಅಲ್ಲವೋ ಎಂದು ನಾನು ತಡವರಿಸುವಷ್ಟರಲ್ಲಿ ಕವಡೆ ಬಿಟ್ಟ. ಐದೂ ಅಂಗಾತ. "ಸುಳ್ಳು ಹೇಳಬಾರದಲ್ವೇ ತಾಯಿ, ನಿಮ್ಮಜ್ಜಿ ಕವಡೆ ಇದು" ಅಂದ, ಬಹಳ ಮೆತ್ತಗೆ.

ನಾನು ಹೇಳಿದೆ. ಒಂದೊಂದು ಹೆಸರನ್ನೂ ಹೇಳಿದೆ. ಎಲ್ಲಿ ಮನೆ ಹಾಳಾಗುತ್ತದೋ ಎಂಬ ಭಯಕ್ಕೆ ಅಪ್ಪ ಬಾಗಿಲಲ್ಲಿ ಕೂತಿದ್ದನ್ನೂ ಬಿಡದೆ ಹೇಳಿದೆ.

ಸೋಮವಾರ ಬೆಳಗ್ಗೆ ಆಳುಗಳೆಲ್ಲ ಸೇರಿದ್ದ ಕಣದಲ್ಲಿ ಅಪ್ಪನನ್ನು ಮುಂದಕ್ಕೆ ಕರೆದು ಕೆಲಸದಿಂದ ತೆಗೆದರು. ಕೊನೆಯ ಲೈನಿನ ಅಕ್ಕನನ್ನು, ಕಣ್ಣೂದಿದ ಕೂಸಿನ ಸಮೇತ, ಎಸ್ಟೇಟಿನ ಲಾರಿ ಹತ್ತಿಸಿದರು. ಲಾರಿಯ ಹಿಂಬದಿಯಿಂದ ಅವಳು ನಮ್ಮ ಮನೆಯ ಕಡೆ ನೋಡುತ್ತಲೇ ಇದ್ದಳು. ಉಳಿದ ಹೆಂಗಸರು ಬುಟ್ಟಿ ಎತ್ತಿಕೊಂಡು ಸಾಲಿಗೆ ಹೋದರು. ನಮಗೆ ಮನೆ ಖಾಲಿ ಮಾಡಲು ಎರಡು ದಿನ ಕೊಟ್ಟರು. ಬಂಗಲೆಗೆ ಸುದ್ದಿ ಮುಟ್ಟಿಸಿದ ಅವನು ಮುಂದಿನ ಹಂಗಾಮಿಗೆ ಹೆಡ್ ರೈಟರ್ ಆದನಂತೆ. ಅಜ್ಜಿಯ ಮಾತು ನಂಬಿ ನಿಜ ನುಡಿದೆ, ಮನೆ ಹಾಳಾದದ್ದು ಆ ನಿಜದಿಂದಲೇ.

ಕುಶಾಲನಗರಕ್ಕೆ ಬರುವ ಬಸ್ಸಿನಲ್ಲಿ ಪಾತ್ರೆ ಮೂಟೆಯ ಮೇಲೆ ಕೂತಿದ್ದ ನನ್ನನ್ನು ಅಪ್ಪ ಒಂದೇ ಒಂದು ಮಾತು ಕೇಳಿದ. "ಆಟಕ್ ಹೇಳ್ದಾ ಮಗ, ಇಲ್ಲ ನಿಜಕ್ ಹೇಳ್ದಾ?" ನಾನು ಮೂಟೆಯ ಗಂಟು ಬಿಚ್ಚಿ ಮತ್ತೆ ಕಟ್ಟಿದೆ. ಅವನು ಮತ್ತೆ ಕೇಳಲಿಲ್ಲ. ಆಮೇಲೆ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತ. ಹೊತ್ತು ಹೊತ್ತು ಸೊಂಟ ಬಿದ್ದುಹೋಯಿತು. ಹೋಗುವಾಗಲೂ ನನ್ನ ಮೇಲೆ ಕೋಪವಿರಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಕೋಪ ಮಾಡಿಕೊಂಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ರೈಟರನನ್ನು ಇನ್ನೊಂದು ಸಲ ನೋಡಿದೆ, ನನ್ನ ಮಕ್ಕಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಇಲ್ಲಿಯ ಬಸ್ ನಿಲ್ದಾಣದಲ್ಲಿ. ಮುದುಕನಾಗಿದ್ದ, ಕೈಯಲ್ಲಿ ಕೋಲಿತ್ತು. ಗುರುತು ಹಿಡಿದು ನಕ್ಕ. "ನಿನ್ನ ಕವಡೆ ನನ್ನ ಹತ್ರಾನೇ ಉಳಿದುಬಿಟ್ವು ಕಣಮ್ಮ" ಅಂದ, ತಂದ ಪಾತ್ರೆ ಹಿಂದಿರುಗಿಸುವುದು ಮರೆತವನ ಹಾಗೆ.

"ಇಟ್ಕೊಳ್ಳಿ. ಸಾಯೋದ್ರೊಳ್ಗೆ ಅವುಗಳ ಮುಂದೆ ನೀವೂ ಒಂದು ನಿಜ ಹೇಳಿ" ಅಂದು ಬಸ್ಸು ಹತ್ತಿದೆ. ಹೇಳಿದನೋ ಇಲ್ಲವೋ... ಅವನು ತೀರಿಕೊಂಡ ಸುದ್ದಿ ಬಂದಾಗ ನಾನು ಸೊಪ್ಪು ಬಿಡಿಸುತ್ತಿದ್ದೆ, ಬಿಡಿಸುತ್ತಲೇ ಇದ್ದೆ.

ಮೊನ್ನೆ ಮೇಜಿನ ಪಕ್ಕ ನಿಂತು ಮೊಮ್ಮಗಳನ್ನು ಕೇಳಿದೆ, "ಎದುರಿನವರು ಮನಸ್ಸೊಳಗೆ ಬಿಟ್ಕೊಳ್ಳಲ್ಲ ಅಂದ್ರೆ ಏನ್ ಮಾಡ್ತೀಯ?"

"ಅವರೂ ಒಂದ್ಸಲ ದಾಳ ಹಾಕ್ತಾರಲ್ಲ ಅಜ್ಜಿ. ಜಾಸ್ತಿ ಬಿದ್ರೆ ನನ್ನ ಶಕ್ತಿ ನಡೆಯಲ್ಲ, ಅವರು ಏನೂ ಹೇಳ್ಬೇಕಾಗಿಲ್ಲ. ಅದು ರೂಲ್ಸು" ಅಂದಳು.

ಸೌಟು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡೆ. ಇಂಥದ್ದೊಂದು ನಿಯಮ ಇರುತ್ತದೆ ಎಂದು ಎಪ್ಪತ್ತು ದಾಟಿದ ಮೇಲೆ ತಿಳಿಯಿತು. ಅವನ ಆಟದಲ್ಲಿ, ಹೇಳಲಾರೆ ಎಂದು ತಡೆಯಲು ಕವಡೆ ಬಿಡುವ ಸರದಿ ನನಗೆ ಇರಲೇ ಇಲ್ಲ. ನಾನು ಆಟಕ್ಕೆ ಹೇಳಿದೆ, ಅವನು ನಿಜಕ್ಕೆ ಕೇಳಿದ ಎಂದು ಬಸ್ಸಿನಲ್ಲಿ ಅಪ್ಪ ಕೇಳಿದ್ದಕ್ಕೆ ಈಗ ಉತ್ತರ ಹೇಳಬಲ್ಲೆ, ಕೇಳಲು ಅಪ್ಪ ಇಲ್ಲ.

"ನೀನೂ ಹಾಕ್ತೀಯಾ?" ಎಂದು ಮೊಮ್ಮಗಳು ದಾಳವನ್ನು ನನ್ನ ಅಂಗೈಗಿಟ್ಟಳು. ಮುಷ್ಟಿ ಮಡಿಸಿ ಕುಲುಕಿದೆ.