ಸುಣ್ಣದ ಮೇಲಿನ ನೀಲಿ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದಾಗ, ಪಾಲಿಬೆಟ್ಟದ ಎಸ್ಟೇಟುಗಳಲ್ಲಿ ಗೋಡೆಗೆ ದೇವರ ಚಿತ್ರ ಬರೆಯುವವನೊಬ್ಬನಿದ್ದ. ಗಾರೆ ನನ್ನದು, ಚಿತ್ರ ಅವನದು. ನಾನು ಶಾಲೆ ಬೇಗ ಬಿಟ್ಟವನಾದರೂ ನನ್ನ ಗಾರೆ ಎಲ್ಲೂ ಬಿರಿದದ್ದಿಲ್ಲ. ಅವನು ಬಟ್ಟೆಗೆ ಹಾಕುವ ನೀಲಿಯನ್ನೇ ಗೋಂದಿನಲ್ಲಿ ಕಲಸಿ, ಹೆಬ್ಬೆರಳ ಉಗುರಿಗೆ ಸವರಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಕಾಲಿನಿಂದ ಶುರು ಮಾಡುತ್ತಿದ್ದ. ಆತುರಪಟ್ಟವರಿಗೆ ಒಂದೇ ಮಾತು: “ಮುಖ ಕೊನೆಗೆ, ಮಾರಾಯ.”

ಕೂಲಿಗಳ ಲೈನಿನ ಭಜನೆಮನೆಯಲ್ಲಿ ಕೃಷ್ಣನನ್ನು ಬರೆಯುವಾಗ ಎಸ್ಟೇಟಿನ ಲೆಕ್ಕದ ರೈಟರು ನಕ್ಕರು. “ದೇವರಿಗೂ ಬಟ್ಟೆ ಒಗೆಯೋ ನೀಲೀನೇ ಏನಯ್ಯಾ?” ಅದು ಅವನಿಗೆ ನಾಟಿತು. ಮೈಸೂರಿನಿಂದ ನವಿಲಿನ ಕತ್ತಿನಂಥ ಹೊಸ ನೀಲಿ ತರಿಸಿದ. ಮುಖ ಬರೆದ ದಿನ ಅವನ ಹೆಂಡತಿ ಬಂದು ನೋಡಿ ಅಲ್ಲೇ ಕೂತುಬಿಟ್ಟಳು. ಜ್ವರದಲ್ಲಿ ತೀರಿಹೋದ ಅವರ ಮಗನ ಮುಖ ಅದು. ಆಮೇಲೆ ದಿನವೂ ಬರುತ್ತಿದ್ದಳು.

ಆ ನೀಲಿಗೆ ಸುಣ್ಣ ಆಗಿಬರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹಸಿ ಗೋಡೆಯ ಮೇಲೆ ಕೃಷ್ಣ ದಿನದಿನಕ್ಕೆ ಕಂದಿ ತುಕ್ಕಿನ ಬಣ್ಣಕ್ಕೆ ತಿರುಗಿದ. ಲೈನಿನವರು, “ಇದು ಅಪಶಕುನ, ಅಳಿಸಿಬಿಡಿ,” ಎಂದರು. ಸುಣ್ಣದ ಬಕೆಟ್ಟು ಹಿಡಿದು ಹೋದವನು ನಾನೇ.

“ಮುಖವೊಂದನ್ನು ಬಿಡೋಣವಾ?” ಎಂದು ಅವನನ್ನು ಕೇಳಿದೆ.

“ಆ ಮುಖ ಕಂದಿದ್ದನ್ನು ಅವಳು ಆ ಜ್ವರದಲ್ಲೇ ಒಂದು ಸಲ ನೋಡಿದ್ದಾಳೆ. ಸಾಕು.”

ನನ್ನ ಕೈಯಿಂದ ಕುಂಚ ತೆಗೆದುಕೊಂಡು ತಾನೇ ಹೊಡೆಯತೊಡಗಿದ, ಕಾಲಿನಿಂದ ಮೇಲಕ್ಕೆ. ಸುಣ್ಣವನ್ನು ಮೇಲಿನಿಂದ ಕೆಳಕ್ಕೆ ಹೊಡೆಯಬೇಕು. ಆವತ್ತು ಮುಖ ಕೊನೆಗೆ ಬರುವವರೆಗೂ ನಾನು ಬಕೆಟ್ಟು ಹಿಡಿದು ನಿಂತೆ.